ರೋಸಲಿಂಡ್ ಫ್ರಾಂಕ್ಲಿನ್

ರೋಸಲಿಂಡ್ ಎಲ್ಸಿ ಫ್ರಾಂಕ್ಲಿನ್ (ಜುಲೈ 25, 1920 – ಏಪ್ರಿಲ್ 16, 1958) ಇಂಗ್ಲೆಂಡಿನ ಭೌತರಸಾಯನ ವಿಜ್ಞಾನಿ ಹಾಗೂ ಕ್ಷ-ಕಿರಣ ಸ್ಫಟಿಕಶಾಸ್ತ್ರಜ್ಞೆ. ಡಿ.ಎನ್.ಎ., ಆರ್.ಎನ್.ಎ., ವೈರಸ್, ಕಲ್ಲಿದ್ದಲು ಮತ್ತು ಗ್ರಾಫೈಟ್‌ಗಳ ರಚನೆಯನ್ನು ಕುರಿತು ಸಂಶೋಧನೆ ನಡೆಸಿದರು. ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಸಾಮಾನ್ಯವಾಗಿ ಒಂದು ಛಾಯಾಚಿತ್ರದೊಡನೆ ಮಾತ್ರ ಬರುತ್ತದೆ. ಆದರೆ ಮೂವತ್ತೇಳು ವರ್ಷಗಳ ಅಲ್ಪಾಯುಷ್ಯದಲ್ಲಿ ಇವರು ಸುಮಾರು 45 ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದರು. ಅವುಗಳಲ್ಲಿ ಡಿ.ಎನ್.ಎ.ಗೆ ಸಂಬಂಧಿಸಿದವು ಕೇವಲ ಐದು.

ವಿದ್ಯಾಭ್ಯಾಸ ಮತ್ತು ಮೊದಲ ಪ್ರಬಂಧಗಳು

ಲಂಡನ್ನಿನ ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ ಜನಿಸಿದ ಫ್ರಾಂಕ್ಲಿನ್, 1938ರಲ್ಲಿ ಕೇಂಬ್ರಿಡ್ಜಿನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು. 1942ರಿಂದ ಬ್ರಿಟಿಷ್ ಕಲ್ಲಿದ್ದಲು ಬಳಕೆ ಸಂಶೋಧನಾ ಸಂಘದಲ್ಲಿ ಇದ್ದಿಲಿನ ಸೂಕ್ಷ್ಮ ರಂಧ್ರಗಳನ್ನು ಅಧ್ಯಯನ ಮಾಡಿ, ಆ ಕೆಲಸದ ಆಧಾರದ ಮೇಲೆ 1945ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಡಿ. ಎಚ್. ಬ್ಯಾಂಗ್‌ಹ್ಯಾಮ್ ಅವರ ಜೊತೆ ಬರೆದ ಪ್ರಬಂಧ 1946ರಲ್ಲಿ ಪ್ರಕಟವಾಯಿತು. 1947ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಜಾಕ್ ಮೆರಿಂಗ್ ಅವರಿಂದ ಕ್ಷ-ಕಿರಣ ವಿವರ್ತನೆಯ ತಂತ್ರವನ್ನು ಕಲಿತರು. ಅಧಿಕ ತಾಪದಲ್ಲಿ ಕೆಲವು ಇಂಗಾಲಗಳು ಗ್ರಾಫೈಟ್ ಆಗುತ್ತವೆ, ಕೆಲವು ಎಷ್ಟು ಕಾಯಿಸಿದರೂ ಆಗುವುದಿಲ್ಲ ಎಂಬುದನ್ನು ವಿವರಿಸುವ 1951ರ ಪ್ರಬಂಧವನ್ನು ಅವರೊಬ್ಬರೇ ಬರೆದರು. ಇಂಗಾಲ ವಿಜ್ಞಾನದಲ್ಲಿ ಅದು ಇಂದಿಗೂ ಮೂಲಗ್ರಂಥದ ಸ್ಥಾನದಲ್ಲಿದೆ.

ಕಿಂಗ್ಸ್ ಕಾಲೇಜು ಮತ್ತು ಡಿ.ಎನ್.ಎ.

1951ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದಾಗ, ಡಿ.ಎನ್.ಎ.ಯ ಕ್ಷ-ಕಿರಣ ಅಧ್ಯಯನವನ್ನು ನಿರ್ದೇಶಕ ಜಾನ್ ರ‍್ಯಾಂಡಲ್ ಇವರಿಗೆ ಒಪ್ಪಿಸಿದರು. ಸಂಶೋಧನಾ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಸಹಾಯಕರಾದರು. ಮೊದಲಿನಿಂದ ಅದೇ ವಿಷಯದಲ್ಲಿ ತೊಡಗಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೆ ಈ ಏರ್ಪಾಡು ಸರಿಯಾಗಿ ತಿಳಿದಿರಲಿಲ್ಲ. ಇಬ್ಬರ ಮನಸ್ತಾಪಕ್ಕೆ ಸ್ವಭಾವಭೇದವನ್ನೇ ಕಾರಣವೆಂದು ಹೇಳುವುದುಂಟಾದರೂ, ಆಡಳಿತದ ಈ ಲೋಪವನ್ನು ಮರೆಯುವಂತಿಲ್ಲ. ಇವರಿಬ್ಬರೂ ಕೂಡಿ ಬರೆದ ಪ್ರಬಂಧ ಒಂದೂ ಇಲ್ಲ. ಫ್ರಾಂಕ್ಲಿನ್ ಅವರ ಐದು ಡಿ.ಎನ್.ಎ. ಪ್ರಬಂಧಗಳಲ್ಲಿಯೂ ಸಹಲೇಖಕರು ಗಾಸ್ಲಿಂಗ್.

ತೇವಾಂಶ ಬದಲಾದಂತೆ ಡಿ.ಎನ್.ಎ. 'ಎ' ಮತ್ತು 'ಬಿ' ಎಂಬ ಎರಡು ರೂಪಗಳನ್ನು ತಾಳುತ್ತದೆಂದು ಇವರು ಸ್ಪಷ್ಟಪಡಿಸಿದರು. ಫಾಸ್ಫೇಟ್ ಗುಂಪುಗಳು ಅಣುವಿನ ಹೊರಭಾಗದಲ್ಲಿರಬೇಕೆಂದೂ ತಿಳಿಸಿದರು. 1952ರ ಮೇ ತಿಂಗಳಲ್ಲಿ ತೆಗೆದ 'ಬಿ' ರೂಪದ ಚಿತ್ರವೇ ಪ್ರಸಿದ್ಧವಾದ 51ನೆಯ ಛಾಯಾಚಿತ್ರ. 1953ರ ಆರಂಭದಲ್ಲಿ ವಿಲ್ಕಿನ್ಸ್ ಅದನ್ನು ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ಇವರ ಅಳತೆಗಳಿದ್ದ ವರದಿಯೊಂದು ಮ್ಯಾಕ್ಸ್ ಪೆರುಟ್ಜ್ ಮೂಲಕ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರಿಗೆ ದೊರೆಯಿತು. ವರದಿ ಗೋಪ್ಯವಾದುದಲ್ಲ, ನಿಜ. ಆದರೆ ಫ್ರಾಂಕ್ಲಿನ್ ಅವರನ್ನು ಯಾರೂ ಕೇಳಿರಲಿಲ್ಲ.

1953ರ ಏಪ್ರಿಲ್ 25ರ 'ನೇಚರ್' ಸಂಚಿಕೆಯಲ್ಲಿ ಮೂರು ಪ್ರಬಂಧಗಳು ಒಟ್ಟಿಗೆ ಬಂದವು. ವಾಟ್ಸನ್–ಕ್ರಿಕ್ ಅವರದು ಮೊದಲು, ವಿಲ್ಕಿನ್ಸ್ ತಂಡದ್ದು ಅನಂತರ, ಫ್ರಾಂಕ್ಲಿನ್–ಗಾಸ್ಲಿಂಗ್ ಅವರದು ಕೊನೆಗೆ. ಈ ಅನುಕ್ರಮದಿಂದಾಗಿ ಇವರ ಕೃತಿ ಬೇರೆಯವರ ಮಾದರಿಗೆ ಒದಗಿಸಿದ ಸಮರ್ಥನೆಯಂತೆ ಕಾಣುತ್ತದೆ. ಆದರೆ ಮಾರ್ಚ್ 17ರ ದಿನಾಂಕವುಳ್ಳ ಅದರ ಕರಡು ಪ್ರತಿ ಮುಂದೆ ಬೆಳಕಿಗೆ ಬಂದು, ಆ ಮಾದರಿಯನ್ನು ನೋಡುವ ಮುನ್ನವೇ ಇವರು 'ಬಿ' ರೂಪವು ಸುರುಳಿಯೆಂಬ ನಿರ್ಣಯಕ್ಕೆ ಬಂದಿದ್ದರೆಂಬುದನ್ನು ತೋರಿಸಿತು. ಪ್ರಕಟಣೆಯ ಕ್ರಮವನ್ನೇ ಶೋಧನೆಯ ಕ್ರಮವೆಂದು ವಿದ್ಯಾರ್ಥಿಗಳು ಭಾವಿಸಬಾರದು.

ಬರ್ಕ್‌ಬೆಕ್ ಕಾಲೇಜು ಮತ್ತು ವೈರಸ್ ಸಂಶೋಧನೆ

1953ರಲ್ಲಿ ಜೆ. ಡಿ. ಬರ್ನಾಲ್ ಅವರಿದ್ದ ಬರ್ಕ್‌ಬೆಕ್ ಕಾಲೇಜನ್ನು ಸೇರಿ, ತಂಬಾಕಿನ ಮೊಸಾಯಿಕ್ ವೈರಸ್ಸಿನ ಅಧ್ಯಯನಕ್ಕೆ ತೊಡಗಿದರು. ಪ್ರಕಟಣೆಯ ದೃಷ್ಟಿಯಿಂದ ಇದೇ ಇವರ ಅತ್ಯಂತ ಫಲವತ್ತಾದ ಕಾಲ. ವೈರಸ್‌ಗಳ ಕುರಿತ ಪ್ರಬಂಧಗಳೇ ಇಪ್ಪತ್ತಕ್ಕೂ ಹೆಚ್ಚು. ಆರನ್ ಕ್ಲುಗ್, ಜಾನ್ ಫಿಂಚ್, ಕೆನೆತ್ ಹೋಮ್ಸ್ ಇವರ ತಂಡದಲ್ಲಿದ್ದರು. ವೈರಸ್ ಕಡ್ಡಿಗಳೆಲ್ಲವೂ ಒಂದೇ ಉದ್ದದವೆಂಬ ಇವರ ಅಭಿಪ್ರಾಯವನ್ನು ಆ ಕ್ಷೇತ್ರದ ಹಿರಿಯ ನಾರ್ಮನ್ ಪಿರಿ ಒಪ್ಪಲಿಲ್ಲ.

ಅಮೆರಿಕದ ಡೊನಾಲ್ಡ್ ಕ್ಯಾಸ್ಪರ್ ಜೊತೆಗಿನ ಸಹಕಾರ ವಿಶೇಷವಾಗಿ ಗಮನಾರ್ಹ. ವೈರಸ್ಸಿನ ಅಕ್ಷದಿಂದ ಸುಮಾರು 40 ಆಂಗ್‌ಸ್ಟ್ರಾಮ್ ದೂರದಲ್ಲಿ ಸಾಂದ್ರತೆ ಹೆಚ್ಚಿರುವುದನ್ನು ಕ್ಯಾಸ್ಪರ್ ಕಂಡಿದ್ದರು. ಆರ್.ಎನ್.ಎ. ಇಲ್ಲದ ಪ್ರೋಟೀನಿನೊಡನೆ ಹೋಲಿಸಿ, ಅಲ್ಲಿರುವುದು ಆರ್.ಎನ್.ಎ.ಯೇ ಎಂದು ಫ್ರಾಂಕ್ಲಿನ್ ತೋರಿಸಿದರು. 1956ರಲ್ಲಿ ಎರಡೂ ಪ್ರಬಂಧಗಳು 'ನೇಚರ್'ನಲ್ಲಿ ಜೊತೆಜೊತೆಯಾಗಿ ಬಂದವು. ಈ ಬಾರಿ ಇಬ್ಬರೂ ಪರಸ್ಪರ ತಿಳಿದೇ ಬರೆದಿದ್ದರು.

ಕೊನೆಯ ದಿನಗಳು

1956ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೂ ಪ್ರಬಂಧ ರಚನೆ ನಿಲ್ಲಲಿಲ್ಲ. ಪೋಲಿಯೊ ವೈರಸ್ಸಿನ ಕೆಲಸವನ್ನೂ ಆರಂಭಿಸಿದರು. 1958ರ ಏಪ್ರಿಲ್ 16ರಂದು ಲಂಡನ್ನಿನಲ್ಲಿ ನಿಧನರಾದರು. ಮರುದಿನ ಆರಂಭವಾದ ಬ್ರಸೆಲ್ಸ್ ವಿಶ್ವಮೇಳದಲ್ಲಿ ಇವರ ತಂಡದ ವೈರಸ್ ಮಾದರಿ ಪ್ರದರ್ಶಿತವಾಯಿತು.

1962ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಾಗ ಇವರು ಬದುಕಿರಲಿಲ್ಲ. ಕ್ಲುಗ್ 1982ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಪೋಲಿಯೊ ವೈರಸ್ಸಿನ ರಚನೆಯನ್ನು ಕುರಿತು ಫಿಂಚ್ ಮತ್ತು ಕ್ಲುಗ್ 1959ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಫ್ರಾಂಕ್ಲಿನ್ ಅವರ ಸ್ಮರಣೆಗೆ ಅರ್ಪಿಸಲಾಗಿದೆ.