ಡಾ. ಸಲೀಂ ಅಲಿ (1896–1987)

ರಂಗನತಿಟ್ಟು ಪಕ್ಷಿಧಾಮದ ವೀಕ್ಷಣೆಗೆ ಆಗಮಿಸುವ ಸಾರ್ವಜನಿಕರ ಮಾಹಿತಿಗಾಗಿ, ಸದರಿ ಧಾಮದ ಸ್ಥಾಪನೆಗೆ ಕಾರಣರಾದ ಪಕ್ಷಿತಜ್ಞರ ಜೀವನದ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತಾಯಿಯರನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಆಟದ ಬಂದೂಕಿನಿಂದ ತಾವೇ ಹೊಡೆದ ಹಳದಿ ಕೊರಳಿನ ಗುಬ್ಬಿಯೊಂದನ್ನು ಗುರುತಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದುದು ಅವರ ಪಕ್ಷಿ ಅಧ್ಯಯನಕ್ಕೆ ನಾಂದಿಯಾಯಿತು. ಬರ್ಮಾದಲ್ಲಿ ಕುಟುಂಬದ ಗಣಿ ವ್ಯವಹಾರವನ್ನು ನೋಡಿಕೊಂಡು, ಮರಳಿದ ಬಳಿಕ ದಾವರ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಹಾಗೂ ಲೆಕ್ಕಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಅವರ ಕ್ಷೇತ್ರ ಟಿಪ್ಪಣಿಗಳ ಅಚ್ಚುಕಟ್ಟುತನದಲ್ಲಿ ಲೆಕ್ಕಪುಸ್ತಕದ ಶಿಸ್ತಿದೆಯೆಂದು ವಾಣಿಜ್ಯ ಓದಿದವರಿಗೆ ಅನಿಸಿದರೆ ಆಶ್ಚರ್ಯವಿಲ್ಲ.

1929ರಲ್ಲಿ ಬರ್ಲಿನ್ನಿಗೆ ತೆರಳಿ ತರಬೇತಿ ಪಡೆದರು. ಹಿಂದಿರುಗಿದಾಗ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಹುದ್ದೆ ರದ್ದಾಗಿತ್ತು. ನಿರುದ್ಯೋಗದ ಆ ದಿನಗಳಲ್ಲಿ ಕಿಹಿಮ್ ಎಂಬ ಕರಾವಳಿ ಗ್ರಾಮದಲ್ಲಿ ಗೀಜಗನ ಗೂಡು ಕಟ್ಟುವ ಕ್ರಮವನ್ನು ಅಭ್ಯಸಿಸಿ ಖ್ಯಾತರಾದರು.

1939ರಲ್ಲಿ ಪತ್ನಿ ತೆಹಮೀನಾ ನಿಧನರಾದರು. ಅದೇ ವರ್ಷ ಅವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ಶ್ರೀರಂಗಪಟ್ಟಣದ ಬಳಿ, ಕಾವೇರಿಗೆ ಹಿಂದೆ ಕಟ್ಟಿದ್ದ ಅಣೆಕಟ್ಟೆಯಿಂದ ಉಂಟಾದ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗುಂಪುಗುಂಪಾಗಿ ಗೂಡುಕಟ್ಟುವುದನ್ನು ಕಂಡು, ಅವುಗಳ ರಕ್ಷಣೆಗಾಗಿ ಒಡೆಯರ್ ಅರಸರಲ್ಲಿ ಕೋರಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಗೂಡಿನಲ್ಲಿ ಮರಿಗಳಿರುವ ಕಾಲದಲ್ಲಿ ಜನರು ಸಮೀಪಿಸಿದರೆ ತಾಯಿಪಕ್ಷಿಗಳು ಗೂಡನ್ನು ಬಿಟ್ಟು ಹಾರುತ್ತವೆ. ಮರಿಗಳು ಬಿಸಿಲಿಗೂ ಹದ್ದುಗಳಿಗೂ ಗುರಿಯಾಗುತ್ತವೆ. ದ್ವೀಪಗಳ ಮೇಲೆ ಇಳಿಯದೆ ದೋಣಿಯಿಂದಲೇ ನೋಡಬೇಕಾಗಿರುವುದು ಇದೇ ಕಾರಣಕ್ಕೆ.

ರಾಜಸ್ಥಾನದ ಭರತಪುರದಲ್ಲಿ ವಿಷಯ ಇಷ್ಟು ಸರಳವಾಗಿರಲಿಲ್ಲ. ಅದು ಅರಸರ ಬೇಟೆಯ ಜೌಗು ಪ್ರದೇಶ. 1938ರ ನವೆಂಬರ್ 12ರಂದು ಒಂದೇ ದಿನ ಅಲ್ಲಿ 4,273 ಪಕ್ಷಿಗಳನ್ನು ಕೊಲ್ಲಲಾಗಿತ್ತು. ಸ್ವಾತಂತ್ರ್ಯಾನಂತರ ಅದನ್ನು ಬರಿದುಮಾಡಿ ಕೃಷಿಗೆ ನೀಡಬೇಕೆಂಬ ಬೇಡಿಕೆ ಎದ್ದಾಗ ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರ ಮೂಲಕ ಅದನ್ನು ಉಳಿಸಿಕೊಂಡರು. ಜಾನುವಾರುಗಳ ಮೇಯಿಸುವಿಕೆಯನ್ನು ನಿಲ್ಲಿಸಬೇಕೆಂಬುದೂ ಅವರ ಅಭಿಪ್ರಾಯವಾಗಿತ್ತು. 1982ರಲ್ಲಿ ನಿಷೇಧ ಜಾರಿಗೆ ಬಂದಾಗ ಸುತ್ತಲಿನ ಗ್ರಾಮಸ್ಥರು ಪ್ರತಿಭಟಿಸಿದರು, ಪೊಲೀಸ್ ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ಆದರೆ ಎಮ್ಮೆಗಳಿಲ್ಲದ ನೀರಿನಲ್ಲಿ ಹುಲ್ಲು ದಟ್ಟವಾಗಿ ಹಬ್ಬಿ, ನೀರುಹಕ್ಕಿಗಳಿಗೆ ತೆರೆದ ಜಾಗ ಕಡಿಮೆಯಾಯಿತು. ಇದನ್ನು ದಾಖಲಿಸಿದ್ದು ಅವರದೇ ಸೊಸೈಟಿಯ ದೀರ್ಘಕಾಲದ ಅಧ್ಯಯನ ಎಂಬುದು ಇಲ್ಲಿ ಉಲ್ಲೇಖಾರ್ಹ. ಮುಂದೆ ಗ್ರಾಮಸ್ಥರಿಗೆ ಹುಲ್ಲು ಕೊಯ್ಯಲು ಅವಕಾಶ ನೀಡಲಾಯಿತು.

ಅವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ ಮುಂಬಯಿಯಲ್ಲಿ ನಿಧನ ಹೊಂದಿದರು. ಭರತಪುರದ ಅಧ್ಯಯನವು ಆಗಿನ್ನೂ ಮುಂದುವರಿದಿತ್ತು.