ಮಕ್ಕಳ ಮುಂದೆ ಆರೋಪಿಯಾಗಿ ನಿಂತ ಡಾಕ್ಟರರು

ಮಕ್ಕಳು ಜಗಳಾಡಿದರೆ ಇಬ್ಬರಿಗೂ ಎರಡೆರಡು ಏಟು ಕೊಟ್ಟು ವಿಚಾರಣೆ ಮುಗಿಸುವ ಹಿರಿಯರೇ ಹೆಚ್ಚು. ಜಗಳ ತೀರಿಸುವುದನ್ನು ಮಕ್ಕಳಿಗೇ ಕಲಿಸಬಹುದೆಂದು ತೋರಿಸಿಕೊಟ್ಟವರು ಪೋಲೆಂಡಿನ ಯಾನುಷ್ ಕೊರ್ಚಾಕ್.

ಅವರ ನಿಜನಾಮ ಹೆನ್ರಿಕ್ ಗೋಲ್ಡ್‌ಷ್ಮಿಟ್. ವಾರ್ಸಾದ ಯೆಹೂದಿ ಮನೆತನದಲ್ಲಿ ಹುಟ್ಟಿ, ಮಕ್ಕಳ ವೈದ್ಯರಾಗಿಯೂ ಲೇಖಕರಾಗಿಯೂ ಹೆಸರು ಗಳಿಸಿದರು. 1912ರಲ್ಲಿ ಅಲ್ಲಿನ ಯೆಹೂದಿ ಅನಾಥಾಲಯದ ಹೊಣೆ ಹೊತ್ತರು.

ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಆ ವಾರ ಯಾವ ದೂರಿಗೂ ಗುರಿಯಾಗದವರೊಳಗಿಂದ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರನ್ನಾಗಿ ಆರಿಸುವರು. ಪೆಟ್ಟು ತಿಂದವನು ತಿರುಗಿ ಹೊಡೆಯುವ ಬದಲು ದೂರು ಕೊಡಬಹುದಿತ್ತು. ವಿಚಾರಣೆಯ ದಿನದವರೆಗೆ ಸಿಟ್ಟು ಆರಲು ವೇಳೆ ಸಿಗುತ್ತಿತ್ತು. ಕೊರ್ಚಾಕರು ಬರೆದ ಸಂಹಿತೆಯ ಮೊದಲ 99 ಕಲಮುಗಳಲ್ಲಿ ಶಿಕ್ಷೆಯೇ ಇಲ್ಲ, ಹೆಚ್ಚಿನವು ಕ್ಷಮೆಯವು. ಹೊರಹಾಕುವ ಶಿಕ್ಷೆ ಕಟ್ಟಕಡೆಯ 1000ನೆಯ ಕಲಮಿನಲ್ಲಿ ಮಾತ್ರ.

ಹಿರಿಯರಿಗೂ ವಿನಾಯಿತಿ ಇರಲಿಲ್ಲ. ಆರು ತಿಂಗಳಲ್ಲಿ ಐದು ಸಲ ಕೊರ್ಚಾಕರು ತಮ್ಮ ಮೇಲೆ ತಾವೇ ದೂರಿತ್ತರು. ಹುಡುಗನೊಬ್ಬನ ಕಿವಿಗೆ ಹೊಡೆದದ್ದು ಒಂದು, ಹುಡುಗಿಯೊಬ್ಬಳ ಮೇಲೆ ಕಳವಿನ ಶಂಕೆಪಟ್ಟದ್ದು ಇನ್ನೊಂದು.

1940ರಲ್ಲಿ ನಾಜಿಗಳು ಅನಾಥಾಲಯವನ್ನು ಘೆಟ್ಟೋದ ಗೋಡೆಯೊಳಗೆ ತಳ್ಳಿದರು. 1942ರ ಜುಲೈ 18ರಂದು ಮಕ್ಕಳು ಅಲ್ಲಿ ರವೀಂದ್ರನಾಥ ಠಾಕೂರರ ಅಂಚೆಮನೆ ನಾಟಕವಾಡಿದರು. ಸಾವನ್ನು ಶಾಂತನಾಗಿ ಎದುರುಗೊಳ್ಳುವ ಬಾಲಕನ ಕತೆ ಅದು. ಆಗಸ್ಟ್ ಮೊದಲ ವಾರ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾ ಕೊಲೆಶಿಬಿರಕ್ಕೆ ಒಯ್ದರು. ಪಾರಾಗುವ ದಾರಿಯಿದ್ದರೂ ಕೊರ್ಚಾಕರು ಮಕ್ಕಳ ಕೈಬಿಡದೆ ಜತೆಗೇ ಹೋದರು. ಅಲ್ಲಿಂದ ಅವರಾರೂ ಹಿಂದಿರುಗಲಿಲ್ಲ.

ಮಕ್ಕಳಿಗೆ ಸಿಟ್ಟು ತಡೆಯಲು ಕಲಿಸುವವರು ಮೊದಲು ತಮ್ಮ ಸಿಟ್ಟಿನ ಲೆಕ್ಕ ಒಪ್ಪಿಸಬೇಕು. ಕೊರ್ಚಾಕರು ಅದನ್ನು ಮಕ್ಕಳಿಗೇ ಒಪ್ಪಿಸಿದರು.