ಹೋಬಳಿ ಶಾಲೆಗಳ ರೂವಾರಿ ಬಿ. ಎಲ್. ರೈಸ್ (1837–1927)

ಹಳೇಬೀಡಿನ ಸಮೀಪದ ಹುಲಿಕೆರೆಯು ಹೊಯ್ಸಳರ ಕಾಲದ ಕಲ್ಯಾಣಿಗೆ ಪ್ರಸಿದ್ಧವಾಗಿದೆ. ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನೊಳಗೊಂಡ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದವರು ಬೆಂಜಮಿನ್ ಲೂಯಿಸ್ ರೈಸ್. ಶಾಸನತಜ್ಞರೆಂದೇ ಹೆಸರಾದ ಇವರು ಮೂಲತಃ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದರೆಂಬುದು ಹಲವರಿಗೆ ತಿಳಿಯದು.

ರೈಸ್ ಅವರು 1837ರ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ (ಮುಂದಿನ ಸೆಂಟ್ರಲ್ ಕಾಲೇಜು) ಮುಖ್ಯಸ್ಥರಾದರು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡು, ಕುದುರೆಯ ಮೇಲೆ ಊರೂರು ಸಂಚರಿಸಿದರು. ಶಾಲೆ ನೋಡಲು ಬಂದ ದೊರೆಗೆ ಗ್ರಾಮಸ್ಥರು ತಮಗೆ ಓದಲಾಗದ ಹಳೆಯ ಶಾಸನಗಳನ್ನು ತೋರಿಸುತ್ತಿದ್ದರು. ಅವರ ಶಾಸನಾಸಕ್ತಿಯ ಮೂಲ ಈ ತನಿಖಾ ಪ್ರವಾಸಗಳೇ.

ಆಗ ಹಳ್ಳಿಗಳಲ್ಲಿದ್ದುದು ಬಹುತೇಕ ಐಗಳ ಮಠಗಳು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮಗ್ಗಿ ಬಾಯಿಪಾಠ ಮಾಡಿಸುವುದು ಅಲ್ಲಿನ ಕ್ರಮ. ಐಗಳ ಜೀವನ ಪೋಷಕರು ಕೊಡುವ ದವಸ, ಕಾಣಿಕೆಗಳನ್ನು ಅವಲಂಬಿಸಿತ್ತು. ಇಂಥವರಿಗೆ ತರಬೇತಿಯನ್ನಾಗಲಿ ನಿಶ್ಚಿತ ಸಂಬಳವನ್ನಾಗಲಿ ಕೊಡದೆ, ವರ್ಷಕ್ಕೊಮ್ಮೆ ಬಂದು ಲೋಪಗಳನ್ನು ಬರೆದುಕೊಂಡು ಹೋದರೆ ಶಾಲೆ ಸುಧಾರಿಸುವುದುಂಟೆ?

ಈ ಪ್ರಶ್ನೆಗೆ ಆಡಳಿತದ ಮಟ್ಟದಲ್ಲಿ ದೊರೆತ ಉತ್ತರವೇ 1868ರ ಹೋಬಳಿ ಶಾಲಾ ಯೋಜನೆ. ಕಮಿಷನರ್ ಬೌರಿಂಗ್ ಅವರ ಆಡಳಿತಕಾಲದಲ್ಲಿ ರೈಸ್ ಅವರು ಇದನ್ನು ರೂಪಿಸಿದರು. ಶಾಲೆ ಬೇಕೆಂದು ಕೋರಿ, ಮನೆಯೊಂದನ್ನು ಒದಗಿಸಲು ಮುಂದಾದ ಹೋಬಳಿಗಳಲ್ಲಿ ಶಾಲೆ ತೆರೆಯಲಾಯಿತು. ಉಪಾಧ್ಯಾಯರನ್ನು ಸಾಧ್ಯವಾದಷ್ಟೂ ಆಯಾ ಪ್ರದೇಶದಿಂದಲೇ ಆರಿಸಿ, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಡಿಸಿ, ಸಂಬಳದ ಮೇಲೆ ಕಳುಹಿಸಲಾಗುತ್ತಿತ್ತು. ದೈನಂದಿನ ಮೇಲ್ವಿಚಾರಣೆಗೆ ಸ್ಥಳೀಯ ಸಮಿತಿಗಳಿದ್ದವು. ಪಾಠದ ಗುಣಮಟ್ಟವನ್ನು ಇಲಾಖೆಯ ತನಿಖಾಧಿಕಾರಿಗಳು ನೋಡಿಕೊಳ್ಳುತ್ತಿದ್ದರು. ಉಪಾಧ್ಯಾಯರ ಕೆಲಸವನ್ನು ಅಳೆಯುವ ಮೊದಲು ಆ ಕೆಲಸಕ್ಕೆ ಅವರನ್ನು ಸಿದ್ಧಗೊಳಿಸಿದ ಈ ಕ್ರಮವು ಅಂದಿನ ಕಾಲಕ್ಕೆ ಸಣ್ಣದೇನಲ್ಲ. ಗ್ರಾಮಾಂತರದಲ್ಲಿ ಸರ್ಕಾರಿ ಪ್ರಾಥಮಿಕ ಶಿಕ್ಷಣ ಬೇರೂರಿದ್ದು ಬಹುಮಟ್ಟಿಗೆ ಈ ಶಾಲೆಗಳಿಂದಲೇ.

ಮುಂದೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ರಚನೆ, 1881ರ ಜನಗಣತಿ, ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕ ಹುದ್ದೆ ಮುಂತಾದ ಜವಾಬ್ದಾರಿಗಳನ್ನು ಅವರು ನಿರ್ವಹಿಸಿದರು. ಪ್ರಾಚೀನ ಕನ್ನಡ ಕಾವ್ಯಗಳನ್ನೂ ಸಂಪಾದಿಸಿದರು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ, 1927ರ ಜುಲೈ 10ರಂದು ಹ್ಯಾರೋದಲ್ಲಿ ನಿಧನರಾದರು.

‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯು ಪ್ರಕಟಿಸಿದೆ.